ಪದ್ಮವ್ವನ ಕೆಳಗಿನ ಸೆಟ್ಟು

ಖಾನಾಪುರದ ಸ್ಟೇಶನ್ ರೋಡಿನ ಹಿಂದಿನ ಓಣಿಗೆ ಹೊಸದಾಗಿ ಬಂದವರು ಪದ್ಮವ್ವ, ಫಕೀರವ್ವ ಇಬ್ಬರನ್ನೂ ಅಕ್ಕತಂಗಿಯರೆಂದೇ ತಿಳಿಯುತ್ತಿದ್ದರು. ಒಂದೇ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು, ಒಂದೇ ಜಮಖಾನೆಯ ಮೇಲೆ ಮಲಗುತ್ತಿದ್ದರು, ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು ನೀರು ತರಲು ಏಳುತ್ತಿದ್ದಳು. ಆದರೆ ಅವರು ಸವತಿಯರು.

ಪದ್ಮವ್ವ ಸತ್ಯಪ್ಪನ ಮೊದಲ ಹೆಂಡತಿ. ಜಾಂಬೋಟಿಯ ಕಡೆ ಕಾಡಂಚಿನ ಊರಲ್ಲಿ ನಾಲ್ಕಾರು ಎಮ್ಮೆ, ಒಂದಿಷ್ಟು ಭತ್ತದ ಗದ್ದೆ ಇದ್ದ ಮನೆ. ಮದುವೆಯಾಗಿ ಎಷ್ಟು ವರ್ಷ ಕಳೆದರೂ ಅವಳ ಉಡಿ ತುಂಬಲಿಲ್ಲ. ಕಡೆಗೆ ಅವಳೇ ಬಳಗದ ಮನೆಯೊಂದಕ್ಕೆ ಹೋಗಿ, ತನಗಿಂತ ಎಂಟು ಹತ್ತು ವರ್ಷ ಸಣ್ಣವಳಾದ ಫಕೀರವ್ವನನ್ನು ಗಂಡನಿಗೆ ಕೇಳಿಕೊಂಡು ಬಂದಳು. ಬಾಳೇಶ ಹುಟ್ಟಿದಾಗ ಸತ್ಯಪ್ಪ ಬೆಳಗಾವಿಯಿಂದ ಬಂಗಾರದ ಬೋರಮಾಳ ಮಾಡಿಸಿ ತಂದು ಬಳಗದವರ ಮುಂದೆ ಫಕೀರವ್ವನ ಕೊರಳಿಗೆ ಹಾಕಿದ. ಪದ್ಮವ್ವ ಅವತ್ತು ಎಮ್ಮೆ ಹೊಡೆದುಕೊಂಡು ಕಾಡಿಗೆ ಹೋದವಳು ಮಬ್ಬಾದ ಮೇಲೆ ಬಂದಳು. ಆ ಮಳೆಗಾಲ ಪೂರ್ತಿ ಇಬ್ಬರ ನಡುವೆ ಮಾತಿರಲಿಲ್ಲ. ಮುಂದೆ ಕೂಸಿಗೆ ಜ್ವರ ಬಂದು ಕಣ್ಣು ತೇಲಿಸಿದಾಗ ಫಕೀರವ್ವ ಗೋಡೆಗೆ ಆತು ಕೂತುಬಿಟ್ಟಿದ್ದಳು. ಪದ್ಮವ್ವನೇ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೊಣಕಾಲುಮಟ್ಟ ಹರಿಯುತ್ತಿದ್ದ ಹಳ್ಳ ದಾಟಿ ದವಾಖಾನೆಗೆ ಓಡಿದಳು. ಆಮೇಲೆ ಬಾಳೇಶನಿಗೆ ಇಬ್ಬರು ತಾಯಂದಿರಾದರು, ಒಬ್ಬಳು ದೊಡ್ಡವ್ವ, ಒಬ್ಬಳು ಅವ್ವ.

ಸತ್ಯಪ್ಪ ತೀರಿಕೊಂಡ ಮೇಲೆ ಬಾಳೇಶ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಹೆಂಡತಿ ಪೂನಮಳ ಜೊತೆಗೆ ಇಬ್ಬರನ್ನೂ ಪೇಟೆಗೆ ಕರೆತಂದ. ಅಷ್ಟೊತ್ತಿಗೆ ಇಬ್ಬರ ಬಾಯಲ್ಲೂ ಒಂದು ಹಲ್ಲು ಉಳಿದಿರಲಿಲ್ಲ. ಮೊಮ್ಮಕ್ಕಳು ಹುರಿದ ಶೇಂಗಾ ತಿನ್ನುವಾಗ ಇವರು ಅದನ್ನು ಒಳಕಲ್ಲಿನಲ್ಲಿ ಕುಟ್ಟಿ ಬೆಲ್ಲದ ಜೊತೆ ಚಪ್ಪರಿಸುತ್ತಿದ್ದರು. ಪೂನಮ ಇವರಿಗಾಗಿ ಬೇರೆ ಗಡಿಗೆ ಇಡುತ್ತಿದ್ದಳು. ದಿನಾ ನುಚ್ಚು, ಗಂಜಿ, ಇಲ್ಲವೇ ಹಾಲಲ್ಲಿ ನೆನೆಸಿದ ಅಕ್ಕಿ ಭಕ್ರಿ.

೧೯೯೯ರ ಚಳಿಗಾಲದಲ್ಲಿ ಖಾನಾಪುರದ ಸಾಲೆಯೊಂದರಲ್ಲಿ ಹಲ್ಲಿನ ಶಿಬಿರ ಹಾಕಿದ್ದರು. ಬೆಳಗಾವಿಯ ಟಿಳಕವಾಡಿಯಲ್ಲಿ, ಮೂರನೇ ರೈಲ್ವೆ ಗೇಟಿನ ಆಚೆ ಇದ್ದ ಒಂದು ಟ್ರಸ್ಟಿನ ದವಾಖಾನೆಯವರು ಬಂದಿದ್ದರು. ಅವರಲ್ಲಿ ಮೇಘಾ ಎಂಬ ಡಾಕ್ಟರ್ ಇದ್ದಳು. ಮಹಾಂತೇಶ ನಗರದವಳು, ಓದು ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಬಾಳೇಶ ಇಬ್ಬರು ತಾಯಂದಿರನ್ನೂ ಅವಳ ಮುಂದೆ ಕೂಡಿಸಿದ.

"ಆಯಿ, ನಮ್ಮಲ್ಲಿ ಒಂದು ಸಂಶೋಧನಾ ನಡದದ," ಎಂದಳು ಮೇಘಾ. "ಹಲ್ಲ ಪೂರಾ ಹೋದವರಿಗೆ ಪುಕ್ಕಟ ಕಟ್ಟಿದ ಹಲ್ಲಿನ ಸೆಟ್ಟ ಮಾಡಿ ಕೊಡತೇವಿ. ಅರ್ಧ ಮಂದಿಗೆ ಸಾದಾ ಸೆಟ್ಟ. ಉಳದವರಿಗೆ ಕೆಳಗಿನ ದವಡಿ ಎಲುವಿನಾಗ ಎರಡು ಸಣ್ಣ ಸ್ಕ್ರೂ ಕೂಡಸಿ, ಅದರ ಮ್ಯಾಲ ಸೆಟ್ಟ ಗಟ್ಟಿ ಕುಂದರೂಹಂಗ ಮಾಡತೇವಿ. ಒಂದು ವರ್ಷ ಎಲ್ಲಾರದೂ ತೂಕ, ರಕ್ತ, ಊಟ ನೋಡತೇವಿ. ಚೆಂದಾಗಿ ಜಗದ ತಿಂದ್ರ ಮೈ ಎಷ್ಟ ಸುಧಾರಸತದ ಅಂತ ತಿಳೀಬೇಕಲ್ಲ?"

"ಸ್ಕ್ರೂ ಅಂದ್ರ ಕದಕ್ಕ ಹಾಕತಾರಲ್ರಿ, ಅದ?" ಪದ್ಮವ್ವ ಕೇಳಿದಳು.

"ಹಂಗ, ಆದ್ರ ಭಾಳ ಸಣ್ಣದು."

"ಮತ್ತ ಯಾರಿಗೆ ಯಾವದು?"

"ಅದು ನನ್ನ ಕೈಯಾಗಿಲ್ಲ ಆಯಿ. ಮುಚ್ಚಿದ ಲಕೋಟಿ ಇರತಾವ. ಒಡದಾಗ ಏನ ಬಂತೋ ಅದು."

ಮೇಘಾ ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದಳು. ಸಕ್ಕರೆ ಬೇನೆ ಐತೇನು, ಎದೆನೋವು ಬರತದೇನು, ಬೀಡಿ ಸೇದತೀರೇನು, ತಂಬಾಕು ತಿಂತೀರೇನು.

"ಸೇದೂದಿಲ್ರಿ, ತಿನ್ನೂದಿಲ್ರಿ," ಎಂದಳು ಪದ್ಮವ್ವ. ಅದು ಸುಳ್ಳಾಗಿರಲಿಲ್ಲ. ಅವಳು ತಂಬಾಕು ತಿನ್ನುತ್ತಿರಲಿಲ್ಲ, ಹಚ್ಚುತ್ತಿದ್ದಳು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ಮಿಶ್ರಿ ಅದು. ಮುಂಜಾನೆ ಎದ್ದೊಡನೆ, ಊಟವಾದ ಮೇಲೆ, ಮಲಗುವ ಮುಂಚೆ ಬೆರಳಿನಿಂದ ಒಸಡಿಗೆ ತಿಕ್ಕಿ, ಎಡಗಡೆ ಗಲ್ಲದೊಳಗೆ ಸ್ವಲ್ಪ ಒತ್ತಿ ಇಟ್ಟುಕೊಳ್ಳುತ್ತಿದ್ದಳು. ಆ ಸೀಮೆಯ ಹೆಂಗಸರಿಗೆ ಅದು ಹಲ್ಲು ತಿಕ್ಕುವ ಪುಡಿ, ಚಟ ಅಂತ ಯಾರೂ ಅಂದವರಲ್ಲ. ಹಲ್ಲು ಹೋದರೂ ತಿಕ್ಕುವುದು ನಿಂತಿರಲಿಲ್ಲ.

ಲಕೋಟೆ ಒಡೆಯುವ ದಿನ ಇಬ್ಬರೂ ರೈಲಿನಲ್ಲಿ ಬೆಳಗಾವಿಗೆ ಹೋದರು. ಫಕೀರವ್ವನಿಗೆ ಸ್ಕ್ರೂ ಬಂತು, ಪದ್ಮವ್ವನಿಗೆ ಸಾದಾ ಸೆಟ್ಟು.

ಫಕೀರವ್ವನ ಮೋರೆ ಸಣ್ಣದಾಯಿತು. "ಬಾಯಾರ, ಇದು ಅಕ್ಕಗ ಇರ್ಲಿರಿ. ನನಗ ಸಾದಾದು ಕೊಡ್ರಿ. ಆಕಿ ನನಗಿಂತ ದೊಡ್ಡಾಕಿ."

"ಅದಲಾ ಬದಲಾ ಮಾಡಾಕ ಬರೂದಿಲ್ಲ ಆಯಿ. ಹಂಗ ಮಾಡಿದ್ರ ಸಂಶೋಧನಾನ ಸುಳ್ಳ ಆಗತದ. ಬ್ಯಾಡಾದ್ರ ಬಿಡಬಹುದು, ಒತ್ತಾಯ ಇಲ್ಲ. ಆದ್ರ ಕೇಳ್ರಿ, ಸ್ಕ್ರೂ ಹಾಕಿದ್ದ ಚಲೋ ಅಂತ ಗೊತ್ತಾದ್ರ, ವರ್ಷ ಆದ ಮ್ಯಾಲ ಸಾದಾ ಸೆಟ್ಟಿನವರಿಗೂ ಹಾಕೇ ಹಾಕತೇವಿ."

"ಆತಲ್ಲ ಮತ್ತ," ಪದ್ಮವ್ವ ನಕ್ಕಳು. "ಒಂದು ವರ್ಷ ಏನ ದೊಡ್ಡದು? ಕೂಸಿನ ಸಲುವಾಗಿ ನಾ ಎಷ್ಟ ವರ್ಷ ಕಾದಾಕಿ."

ಹೊರಗೆ ಬಂದು ಬೇವಿನ ಗಿಡದ ನೆರಳಿಗೆ ನಿಂತಾಗ ಫಕೀರವ್ವ ಅಂದಳು, "ಎಲ್ಲಾ ನನ್ನ ಕಡೇನ ಬರತೈತಿ ಅಕ್ಕ. ಆವತ್ತ ಬೋರಮಾಳ. ಇವತ್ತ ಇದು."

ಅಷ್ಟು ವರ್ಷದಲ್ಲಿ ಬೋರಮಾಳದ ಮಾತು ಇಬ್ಬರ ನಡುವೆ ಬಂದದ್ದು ಅದೇ ಮೊದಲು. ಪದ್ಮವ್ವ ರಸ್ತೆಯ ಕಡೆ ತಿರುಗಿದಳು. "ಕೊಳ್ಳಾಗ ಹಾಕೂದಕ್ಕ ಹೊಟ್ಟಿಕಿಚ್ಚ ಪಟ್ಟಿದ್ದೆ, ಖರೇ. ದವಡ್ಯಾಗ ತೂತ ಹೊಡಸ್ಕೊಳ್ಳೂದಕ್ಕ ಯಾಕ ಪಡಲಿ? ನಡಿ, ಗಾಡಿ ತಪ್ಪತೈತಿ."

ಮೊದಲು ಹಲ್ಲು ಬಂದದ್ದು ಪದ್ಮವ್ವನಿಗೇ. ಫಕೀರವ್ವನ ದವಡೆಗೆ ಸ್ಕ್ರೂ ಹಾಕಿ, ಎಲುಬು ಅದನ್ನು ಹಿಡಿದುಕೊಳ್ಳಲಿ ಎಂದು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಅಷ್ಟರಲ್ಲಿ ಪದ್ಮವ್ವನ ಸೆಟ್ಟು ತಯಾರಾಯಿತು. ಹಾಕಿಕೊಂಡು ಮನೆಗೆ ಬಂದ ದಿನ ಓಣಿಯೆಲ್ಲ ನೋಡಲು ಬಂತು. ಒಳಗೆ ಸೇದಿಹೋಗಿದ್ದ ಗಲ್ಲ ತುಂಬಿಕೊಂಡು ಅವಳು ಹತ್ತು ವರ್ಷ ಸಣ್ಣವಳಾಗಿ ಕಾಣುತ್ತಿದ್ದಳು. ಬಾಜು ಮನೆಯ ಶಿವಲಿಂಗವ್ವ, "ಏನ ಪದ್ಮಕ್ಕ, ಎರಡನೇ ಲಗ್ನ ಆಗಾಕಿ ಏನ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಮೇಲಿನ ಸೆಟ್ಟು ಗಟ್ಟಿ ಕೂತಿತು, ಕೆಳಗಿನದು ಕೂಡಲಿಲ್ಲ. ಹಲ್ಲು ಹೋಗಿ ಬಹಳ ವರ್ಷವಾಗಿದ್ದರಿಂದ ಅವಳ ಕೆಳದವಡೆ ಸವೆದು ಹಗ್ಗದಂತಾಗಿತ್ತು. ನಾಲಿಗೆ ಹೊರಳಿದರೆ ಸೆಟ್ಟು ಏಳುತ್ತಿತ್ತು, ಭಕ್ರಿಯ ಚೂರು ಅಡಿಗೆ ಸಿಕ್ಕಿ ಚುಚ್ಚುತ್ತಿತ್ತು. ಮೇಘಾ ಎರಡು ಸಲ ತಿದ್ದಿ ಕೊಟ್ಟಳು. ಪದ್ಮವ್ವ ಮಂದಿಯ ಮುಂದೆ ಹಾಕಿಕೊಂಡು, ಊಟಕ್ಕೆ ಕೂತಾಗ ಕೆಳಗಿನದನ್ನು ತೆಗೆದು ಬಟ್ಟಲಲ್ಲಿ ಇಡತೊಡಗಿದಳು.

ಮಳೆ ಹಿಡಿಯುವ ಹೊತ್ತಿಗೆ ಫಕೀರವ್ವನ ಸೆಟ್ಟು ಬಂತು. ಒತ್ತಿದರೆ ಟಕ್ ಎಂದು ಕೂರುತ್ತಿತ್ತು. ಅಂದು ಮಧ್ಯಾಹ್ನ ಅವಳು ಗಟ್ಟಿ ಭಕ್ರಿಯನ್ನು ಪಲ್ಯದ ಜೊತೆ ಹರಿದು ತಿಂದಳು. ಎಷ್ಟೋ ವರ್ಷದ ಮೇಲೆ ಕಡಿದ ಸುಖಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಎದುರಿಗೆ ಪದ್ಮವ್ವ ಹಾಲಲ್ಲಿ ನೆನೆದ ಭಕ್ರಿಯನ್ನು ಬೆರಳಿನಿಂದ ಹಿಸುಕುತ್ತಿದ್ದಳು. ಮರುದಿನದಿಂದ ಫಕೀರವ್ವ, ಹಸಿವಿಲ್ಲ, ಆಮೇಲೆ ಉಣ್ಣುತ್ತೇನೆ ಎಂದು ನೆಪ ಹೇಳಿ ಹಿತ್ತಲಲ್ಲಿ ಕೂತು ತಿನ್ನತೊಡಗಿದಳು. ಪದ್ಮವ್ವನಿಗೆ ತಿಳಿಯದೆ ಇರುತ್ತದೆಯೇ? ಮೂರನೇ ದಿನ ತಾನೇ ಹಿತ್ತಲಿಗೆ ಬಂದಳು.

"ಕಳ್ಳಿ ಹಂಗ ಯಾಕ ಕುಂತೀಯ? ನನ್ನ ಮುಂದ ಕುಂತ ತಿನ್ನ. ನೀ ಕಡಿಯೂ ಸಪ್ಪಳ ಕೇಳಿದ್ರ ನನಗ ಹೊಟ್ಟಿ ತುಂಬತೈತಿ."

ಅವಳ ಹೊಟ್ಟೆ ತುಂಬುತ್ತಿರಲಿಲ್ಲ ಎಂಬುದು ತಕ್ಕಡಿಗೆ ಗೊತ್ತಾಗುತ್ತಿತ್ತು. ಪ್ರತಿ ಸಲ ಟಿಳಕವಾಡಿಗೆ ಹೋದಾಗ ಮೇಘಾ ಇಬ್ಬರನ್ನೂ ತೂಗುತ್ತಿದ್ದಳು. ಫಕೀರವ್ವ ಏರುತ್ತಿದ್ದಳು, ಪದ್ಮವ್ವ ಇಳಿಯುತ್ತಿದ್ದಳು. ಗಟ್ಟಿಯಾಗಿ ಕೂತ ಸೆಟ್ಟಿನಿಂದ ಮೈ ಹಿಡಿಯುತ್ತದೆ, ಸಾದಾ ಸೆಟ್ಟಿನಿಂದ ಅಷ್ಟು ಉಪಯೋಗವಿಲ್ಲ ಎಂದೇ ಮೇಘಾ ಮತ್ತು ಅವಳ ಹಿರಿಯರು ಮೊದಲಿನಿಂದ ಊಹಿಸಿದ್ದರು. ಪದ್ಮವ್ವನ ತೂಕ ಆ ಊಹೆಗೆ ತಕ್ಕಂತೆಯೇ ಇತ್ತು. ಹಾಗಾಗಿ ಅದನ್ನು ಕಂಡು ಯಾರಿಗೂ ದಿಗಿಲಾಗಲಿಲ್ಲ.

ಆಷಾಢದಲ್ಲಿ ಪದ್ಮವ್ವನ ಎಡಗಡೆ ಒಸಡು ಗಲ್ಲಕ್ಕೆ ಕೂಡುವಲ್ಲಿ ಒಂದು ಹುಣ್ಣು ಕಂಡಿತು.

"ಸೆಟ್ಟ ತಿಕ್ಕಿ ಆಗೇತ್ರಿ," ಎಂದಳು ಪದ್ಮವ್ವ. ಮೇಘಾಳಿಗೂ ಹಾಗೇ ಅನಿಸಿತು. ಸಾದಾ ಸೆಟ್ಟಿನವರಲ್ಲಿ ಅಂಥ ಹುಣ್ಣು ವಾರಕ್ಕೊಂದು ಬರುತ್ತಿತ್ತು. ಸೆಟ್ಟಿನ ಅಂಚನ್ನು ತೇಯ್ದು, ಮುಲಾಮು ಕೊಟ್ಟು, ಹತ್ತು ಹದಿನೈದು ದಿನ ಬಿಟ್ಟು ಬರಲು ಹೇಳಿದಳು.

ಅವತ್ತು ಹೊರಗಿನ ಮರದ ಬಾಕಿನ ಮೇಲೆ ಸರದಿಗೆ ಕೂತಿದ್ದ ಒಬ್ಬಳು ಮಾತಿಗೆ ಮಾತು ಬಂದು ಅಂದಳು: ತಂಬಾಕಿನ ಚಟ ಇದ್ದವರಿಗೆ ಸ್ಕ್ರೂ ಹಾಕುವುದಿಲ್ಲವಂತೆ, ತನ್ನ ನಾದಿನಿಯನ್ನು ಹಾಗೇ ವಾಪಸು ಕಳಿಸಿದರಂತೆ. ಪದ್ಮವ್ವ ಅದನ್ನು ಕೇಳಿಸಿಕೊಂಡಳು. ಮನೆಗೆ ಬಂದು ಸವತಿಯನ್ನು ಒಳಗೆ ಕರೆದಳು.

"ಫಕೀರಿ, ಮಿಶ್ರಿ ಸುದ್ದಿ ಆ ಡಾಕ್ಟರ್ ಬಾಯಿ ಮುಂದ ತಗೀಬ್ಯಾಡ. ಬಾಳೇಶನ ಮ್ಯಾಲ ಆಣಿ."

"ಬಿಟ್ಟಬಿಡ ಅಕ್ಕ ಅದನ್ನ. ಹುಣ್ಣ ಆಗೇತಿ."

"ಬಿಡತೇನಿ. ಲಗೂನ ಬಿಡತೇನಿ. ನನಗೂ ಒಂದ ಸಲ ಟಕ್ ಅಂತ ಕೂಡಸ್ಕೊಂಡ ಖಂಡ ಕಡೀಬೇಕಂತ ಆಸೆ ಐತೆವ್ವ. ಇನ್ನ ವರ್ಷ ಆಗಾಕ ಎಷ್ಟ ದಿನ ಉಳದಾವ?"

ಆಸೆ ಅನ್ನುವ ಮಾತನ್ನು ಪದ್ಮವ್ವನ ಬಾಯಲ್ಲಿ ಫಕೀರವ್ವ ಯಾವತ್ತೂ ಕೇಳಿರಲಿಲ್ಲ. ಹೂಂ ಎಂದಳು.

ಮುಂದಿನ ಸಲ ಬೆಳಗಾವಿಗೆ ಹೋಗುವ ಮುಂಚೆ ಪದ್ಮವ್ವ ಕೆಲವು ದಿನ ಸೆಟ್ಟು ಹಾಕಲಿಲ್ಲ, ಮಿಶ್ರಿಯನ್ನೂ ಮುಟ್ಟಲಿಲ್ಲ. ಅರಿಶಿನದ ನೀರಿನಿಂದ ಬಾಯಿ ಮುಕ್ಕಳಿಸಿದಳು. ಹುಣ್ಣು ಸ್ವಲ್ಪ ಸಣ್ಣದಾದಂತೆ ಕಂಡಿತು. ಮೇಘಾಳಿಗೆ ಸಮಾಧಾನವಾಯಿತು. ಆಮೇಲೆ ನಾಟಿಯ ಕಾಲ ಬಂತು. ಗದ್ದೆ ಪಾಲಿಗೆ ಕೊಟ್ಟಿದ್ದರೂ ನಾಟಿಗೆ ಹೋಗದೆ ಇರುವುದು ಪದ್ಮವ್ವನಿಗೆ ಆಗದ ಮಾತು. ಇಬ್ಬರೂ ಜಾಂಬೋಟಿ ಕಡೆಯ ಊರಿಗೆ ಹೋದರು. ಆ ವರ್ಷ ಮಳೆ ಬಿಡದೆ ಸುರಿದು, ಹಳ್ಳ ತುಂಬಿ, ಬಸ್ಸು ನಿಂತು, ಅವರು ಅಲ್ಲೇ ಉಳಿಯಬೇಕಾಯಿತು. ಮೇಘಾ ಕೊಟ್ಟ ತಾರೀಖು ದಾಟಿಹೋಯಿತು.

ಊರಲ್ಲಿ ಒಂದು ಮುಂಜಾನೆ ಪದ್ಮವ್ವ ಗಂಜಿ ಕುಡಿಯುವಾಗ ಬಟ್ಟಲಿಗೆ ರಕ್ತ ಬಿತ್ತು. ಅವಳು ಬಟ್ಟಲು ತಿರುಗಿಸಿ ಅಂಗಳಕ್ಕೆ ಚೆಲ್ಲಿದಳು. ಫಕೀರವ್ವ ನೋಡಿದ್ದಳು.

ಗಣಪತಿ ಹಬ್ಬ ಮುಗಿದ ಮೇಲೆ ಅವರು ಟಿಳಕವಾಡಿಗೆ ಹೋದರು. ಕುರ್ಚಿಯ ಮೇಲೆ ಪದ್ಮವ್ವ ಬಾಯಿ ತೆರೆದಾಗ ಮೇಘಾ ದೀಪವನ್ನು ಹತ್ತಿರ ಎಳೆದುಕೊಂಡಳು. ಬೆರಳಿನಿಂದ ಅಂಚನ್ನು ಮುಟ್ಟಿದಳು. ಗಟ್ಟಿಯಾಗಿತ್ತು. ಗದ್ದದ ಕೆಳಗೆ ಒತ್ತಿ ನೋಡಿದಳು. ಮತ್ತೆ ಕೇಳಿದಳು:

"ಆಯಿ, ಖರೇ ಹೇಳ್ರಿ. ತಂಬಾಕ ಏನರ ತಿಂತೀರಿ?"

"ಇಲ್ರಿ."

ಬಾಗಿಲ ಬಳಿ ನಿಂತಿದ್ದ ಫಕೀರವ್ವ ಮುಂದೆ ಬಂದಳು. "ತಿನ್ನೂದಿಲ್ರಿ ಬಾಯಾರ. ಹಚ್ಚತಾಳ್ರಿ. ಮಿಶ್ರಿ. ನನ್ನ ಲಗ್ನ ಆಗಿ ಬಂದ ದಿವಸದಿಂದ ನೋಡೇನಿ. ಅದ ಜಾಗಾದಾಗ ಇಡತಾಳ್ರಿ."

ಮೇಘಾ ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಆಮೇಲೆ ಹಿರಿಯ ಡಾಕ್ಟರನ್ನು ಕರೆಯಲು ಎದ್ದಳು.

ಅವತ್ತೇ ಹುಣ್ಣಿನ ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದರು. ವಾಪಸು ಬರುವಾಗ ಪದ್ಮವ್ವ ರೈಲಿನ ಕಿಟಕಿಯ ಕಡೆ ಮುಖ ಮಾಡಿ ಕೂತಳು. ದೇಸೂರು ದಾಟಿದ ಮೇಲೆ ಒಂದೇ ಮಾತು ಅಂದಳು. "ಮಗನ ಮ್ಯಾಲಿನ ಆಣಿ ಮುರದಿ."

"ಮುರದೆ," ಎಂದಳು ಫಕೀರವ್ವ. "ಅವ ಏನಾಗೂದಿಲ್ಲ. ನೀ ಹಾಕಿದ ಆಣಿ ಅವಗ ಹತ್ತೂದಿಲ್ಲ."

ತಪಾಸಣೆಯ ಫಲ ಬಂದ ದಿನ ಬಾಳೇಶ ಕಾರ್ಖಾನೆಗೆ ರಜೆ ಹಾಕಿ ಹೋದ. ಕ್ಯಾನ್ಸರ್. ಎಲುಬಿಗೂ ಇಳಿದಿತ್ತು, ಕುತ್ತಿಗೆಯ ಗಂಟಿಗೂ ಹೋಗಿತ್ತು. ನೆಹರು ನಗರದ ದೊಡ್ಡ ದವಾಖಾನೆಗೆ ಮೇಘಾ ತಾನೇ ಜೊತೆಗೆ ಬಂದಳು. ಅಲ್ಲಿಯ ಡಾಕ್ಟರರು ತಾಳ್ಮೆಯಿಂದ ತಿಳಿಸಿ ಹೇಳಿದರು. ಎಡಗಡೆ ಕೆಳದವಡೆ ತೆಗೆಯಬೇಕು. ಆಮೇಲೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಬೇಕು. ಅಷ್ಟಾದರೂ ಭರವಸೆ ಕಡಿಮೆ.

ಪದ್ಮವ್ವ ಎಲ್ಲ ಕೇಳಿ, ಮೇಘಾಳ ಕಡೆ ತಿರುಗಿದಳು.

"ದವಡಿ ತಗದ್ರ ಮತ್ತ ಸ್ಕ್ರೂ ಎಲ್ಲಿ ಹಾಕತೀರಿ?"

ಮೇಘಾ ಎದ್ದು ಹೊರಗೆ ಹೋದಳು.

ಪದ್ಮವ್ವ ಆಪರೇಶನ್‌ಗೆ ಒಪ್ಪಲಿಲ್ಲ. ಬಾಳೇಶ ಕಾಲು ಹಿಡಿದು ಬೇಡಿಕೊಂಡ. "ಇದ್ದಷ್ಟ ದಿನ ನನ್ನ ಮೋರೆ ನನಗಿರಲೋ," ಎಂದಳು. ಕರೆಂಟಿಗೆ ಮಾತ್ರ ಒಪ್ಪಿದಳು. ದೀಪಾವಳಿಯ ಆಚೀಚೆ ಕೆಲವು ವಾರ ಫಕೀರವ್ವನೇ ಅವಳನ್ನು ದಿನಾ ನೆಹರು ನಗರಕ್ಕೆ ಕರೆದುಕೊಂಡು ಹೋದಳು. ಚಿಕಿತ್ಸೆಯಿಂದ ಬಾಯೆಲ್ಲ ಬೆಂದಂತಾಗಿ, ನೀರು ನುಂಗಿದರೂ ಉರಿಯುತ್ತಿತ್ತು. ನುಚ್ಚು ಹೋಗಿ ಗಂಜಿಯಾಯಿತು, ಗಂಜಿ ಹೋಗಿ ಬರೀ ತಿಳಿ. ಫಕೀರವ್ವ ಅದನ್ನು ಅರಿವೆಯಲ್ಲಿ ಸೋಸಿ ಚಮಚದಿಂದ ಹಾಕುತ್ತಿದ್ದಳು. ತನ್ನ ಸೆಟ್ಟನ್ನು ತೆಗೆದು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಿದ್ದಳು. ಒಂದು ದಿನ ಪದ್ಮವ್ವ ಸನ್ನೆ ಮಾಡಿ ಅದನ್ನು ತರಿಸಿ, ಅವಳ ಕೈಗೆ ಕೊಟ್ಟಳು. ಮಾತು ತೊದಲುತ್ತಿತ್ತು, ಆದರೂ ತಿಳಿಯುವಂತಿತ್ತು.

"ನಿನ್ನ ಬಾಯಿ ಯಾಕ ಸಾಯಸ್ತೀ? ಹಾಕ್ಕೋ."

"ನನ್ನ ಮ್ಯಾಲ ಸಿಟ್ಟ ಐತೇನಕ್ಕ?"

"ನೀ ಹೇಳಿದ್ದಕ್ಕಲ್ಲ." ಪದ್ಮವ್ವ ಉಸಿರು ತೆಗೆದುಕೊಂಡಳು. "ತಡಾ ಮಾಡಿ ಹೇಳಿದಿ. ಅದ ನಾ ಹಾಕಿದ ಆಣೀದ ತಪ್ಪ. ನಿಂದಲ್ಲ."

ಸಂಕ್ರಾಂತಿಯ ಹಿಂದಿನ ವಾರ, ನಡುಮಧ್ಯಾಹ್ನ, ಫಕೀರವ್ವ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಪದ್ಮವ್ವ ತೀರಿಕೊಂಡಳು. ಊರಿಗೆ ಒಯ್ದು ಸತ್ಯಪ್ಪನ ಬಾಜುವಿಗೆ ಹೂಳಬೇಕೆಂದು ಬಾಳೇಶ ಅಂದ. ಮೈ ತೊಳೆಯುವಾಗ ಫಕೀರವ್ವ ಪದ್ಮವ್ವನ ಸೆಟ್ಟು ತರಿಸಿದಳು. ಮೇಲಿನದು ಸುಲಭವಾಗಿ ಕೂತಿತು. ಕೆಳಗಿನದನ್ನು ಹಾಕಲು ಎಷ್ಟು ಸಲ ನೋಡಿದರೂ ಬಾವಿನಿಂದ ಹೋಗಲಿಲ್ಲ. ಸುತ್ತ ಕೂತಿದ್ದ ಹೆಂಗಸರು ಬಿಡು ಎಂದರು. ಅವಳು ಬಿಡಲಿಲ್ಲ. ಕಡೆಗೆ ಪೂನಮ ಬಂದು, "ಸಾಕ್ರಿ ಅತ್ತಿ, ಆಕೀಗಿ ನೋವಾಕ್ಕೈತಿ," ಎಂದು ಕೈ ಹಿಡಿದಳು. ಆಗ ಫಕೀರವ್ವ ಅದನ್ನು ಎದೆಗೆ ಒತ್ತಿಕೊಂಡು ಬಾಯಿಬಿಟ್ಟು ಅತ್ತಳು.

ಊರಿಂದ ತಿರುಗಿ ಬಂದ ಮೇಲೆ ಶಿವಲಿಂಗವ್ವ ಒಂದು ದಿನ ತಂಬಾಕಿನ ಎಲೆ ಹಿಡಿದುಕೊಂಡು ಬಂದಳು. ಫಕೀರವ್ವನ ಕೈಯ ಹದ ಚಲೋ, ಹುರಿದು ಕೊಡು ಎಂದಳು. ಪದ್ಮವ್ವನ ಮಿಶ್ರಿಯನ್ನು ವರ್ಷಾನುಗಟ್ಟಲೆ ಹುರಿದು ಕೊಟ್ಟವಳು ಫಕೀರವ್ವನೇ. ಅವಳು ಎಲೆಯನ್ನು ಕೈಯಿಂದ ಕಸಿದು ಗಟಾರಕ್ಕೆ ಒಗೆದಳು. "ಬಾಯಿ ತಗಿ ನೋಡೂಣು," ಎಂದು ಶಿವಲಿಂಗವ್ವನ ಗದ್ದ ಹಿಡಿದಳು. ಶಿವಲಿಂಗವ್ವ ಹೆದರಿ ಕೈ ಕೊಡವಿಕೊಂಡು ಹೋದಳು. ಫಕೀರವ್ವನಿಗೆ ತಲೆ ಕೆಟ್ಟಿದೆ ಎಂದು ಓಣಿಯಲ್ಲಿ ಕೆಲವು ದಿನ ಮಾತಾಯಿತು.

ಫಕೀರವ್ವನ ಸೆಟ್ಟಿಗೆ ವರ್ಷ ತುಂಬಿದ ಕಡೆಯ ತಪಾಸಣೆ ೨೦೦೧ರ ಮಳೆಗಾಲದ ಮೊದಲಲ್ಲಿ. ಫಕೀರವ್ವ ಬರುತ್ತಾಳೋ ಇಲ್ಲವೋ ಎಂದು ಮೇಘಾಳಿಗೆ ಸಂಶಯವಿತ್ತು. ಅವಳು ಬಂದಳು. ತೂಕ, ರಕ್ತ ಎಲ್ಲ ಆಯಿತು. ಕಡೆಗೆ ಮೇಘಾ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಲೇಬೇಕಾಗಿತ್ತು.

"ಸಣ್ಣ ಆಯಿ, ಊಟ ಹೆಂಗ ಆಗತದ? ಮನಸಿಗೆ ಸಮಾಧಾನ ಅದನಿಲ್ಲ?"

"ಸುಳ್ಳ ಹೇಳಂಗಿಲ್ಲ ಬಾಯಾರ. ಭಕ್ರಿ ತಿಂತೇನಿ. ಖಂಡ ತಿಂತೇನಿ. ರುಚಿ ಹತ್ತತೈತಿ. ಆಕಿ ಸತ್ತ ದಿನಾ ಕಳಿಯೂದ್ರಾಗ ನನಗ ಹಸಿವಾತು. ರುಚಿ ಹತ್ತಬಾರದಾಗಿತ್ತು, ಹತ್ತಿತು. ಅದನ್ನ ಹೆಂಗ ಬರಕೋತೀರಿ, ಬರಕೋರಿ."

ಮೇಘಾ ಪೆನ್ನು ಕೆಳಗಿಟ್ಟಳು.

"ದೊಡ್ಡ ಆಯೀದು ತೂಕ ಇಳಿಯೂದು ನಾ ನೋಡತಿದ್ದೆ," ಎಂದಳು. "ಸೆಟ್ಟ ಸರಿ ಇಲ್ಲಂತ ಇಳೀತದ ಅಂತ ತಿಳದೆ. ನಾವು ಅಂದ್ಕೊಂಡಂಗ ಬರಾಕತ್ತೇತಿ ಅಂತ ಒಳಗ ಖುಷಿನೂ ಆಗಿತ್ತು. ತಂಬಾಕ ತಿಂತೀರೇನು ಅಂತ ಕೇಳಿದೆ, ಹಚ್ಚತೀರೇನು ಅಂತ ಕೇಳಲಿಲ್ಲ."

"ಈಗ ಕೇಳತೀರೇನ್ರಿ?"

"ಈಗ ಎಲ್ಲಾರಿಗೂ ಕೇಳತೇನಿ."

"ಆಕಿ ಹೆಸರ ನಿಮ್ಮ ಪುಸ್ತಕದಾಗ ಬರತೈತೇನ್ರಿ?"

"ಯಾರ ಹೆಸರೂ ಬರೂದಿಲ್ಲ ಆಯಿ. ಇಷ್ಟ ಮಂದಿ ಸೇರಿದ್ರು, ಇಷ್ಟ ಮಂದಿ ಮುಗಿಸಿದ್ರು, ಒಬ್ಬರು ನಡುವ ತೀರಿಕೊಂಡ್ರು ಅಂತ ಇರತದ. ಅಷ್ಟ."

"ಒಬ್ಬರು," ಎಂದಳು ಫಕೀರವ್ವ. ತಲೆ ಆಡಿಸಿದಳು. ಸಿಟ್ಟೇನೂ ಇರಲಿಲ್ಲ.

ಸ್ಕ್ರೂ ಹಾಕಿದವರಿಗೇ ಹೆಚ್ಚು ಉಪಯೋಗವಾದದ್ದು ಸ್ಪಷ್ಟವಾಗಿತ್ತು. ಕೊಟ್ಟ ಮಾತಿನಂತೆ ಸಾದಾ ಸೆಟ್ಟಿನವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಫಕೀರವ್ವ ಹೊರಗೆ ಬಂದಾಗ ಬಾಕಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹೆಸರು ಸಿದ್ದಕ್ಕ, ಬೆಳವಟಗಿ ಕಡೆಯವಳು ಅಂತ ಆಮೇಲೆ ತಿಳಿಯಿತು. ಅವತ್ತು ಅವಳ ದವಡೆಗೆ ಸ್ಕ್ರೂ ಹಾಕುವವರಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

"ನಿನಗ ಹಾಕ್ಯಾರೇನವ್ವ? ಭಾಳ ನೋವಾಕ್ಕೈತೇನ?"

ಫಕೀರವ್ವ ಅವಳನ್ನು ದಿಟ್ಟಿಸಿದಳು. ಒಳಗಿನ ಆ ಕುರ್ಚಿ, ಆ ದಿನ ಅಕ್ಕನದಾಗಬೇಕಿತ್ತು. ಖಾನಾಪುರದ ಗಾಡಿಗೆ ಹೊತ್ತಾಗುತ್ತಿತ್ತು. ಅವಳು ಚೀಲವನ್ನು ಕೆಳಗಿಟ್ಟು ಮುದುಕಿಯ ಬಾಜು ಕೂತಳು.

"ಸೂಜಿ ಚುಚ್ಚೂಮುಂದ ಒಂದೀಟ ನೋವಾಕ್ಕೈತಿ. ಆಮ್ಯಾಲ ಏನೂ ತಿಳೀದಿಲ್ಲ. ಬಾಯಿ ಪೂರಾ ತಗದ ತೋರಸ. ಕೇಳಿದ್ದಕ್ಕೂ ಹೇಳ, ಕೇಳಲಾರದ್ದೂ ಹೇಳ. ಏನೂ ಮುಚ್ಚಿಡಬ್ಯಾಡ."

"ನೀ ಇಲ್ಲೇ ಇರತೀಯೇನ?"

"ಇರತೇನಿ."

ಸಿದ್ದಕ್ಕ ಸ್ವಲ್ಪ ಹತ್ತಿರ ಸರಿದಳು. "ನಿನ್ನ ಜೋಡಿ ಯಾರೂ ಬಂದಿಲ್ಲೇನ? ಒಬ್ಬಾಕೀನ ಬಂದೀ?"

"ಹೂಂ," ಎಂದಳು ಫಕೀರವ್ವ. "ಒಬ್ಬಾಕೀನ."